ಮೂರನೆಯ ಏಳು

"ಅಜ್ಜ, ಈ ಆದಿತ್ಯವಾರ ನಾನು ಏಳು ಕಿಲೋಮೀಟರ್ ನಡೀತೇನೆ!"

ಬೆಂಗಳೂರಿನಿಂದ ಮೊಮ್ಮಗಳ ಫೋನು. ರಜೆಗೆ ಬಂದಾಗ ಸಂತೆಕಟ್ಟೆಗೆ ಹೋಗಿ ತರಕಾರಿ ತಾ ಎಂದರೆ ಸ್ಕೂಟರ್ ಕೇಳುವ ಹುಡುಗಿ ಇವಳು. ನನಗೆ ನಗು ಬಂತು. "ಏಳೇ ಯಾಕೆ ಪುಟ್ಟಿ, ಹತ್ತು ಯಾಕಲ್ಲ?" ಎಂದೆ.

ಆಗ ಅವಳು ವಿವರಿಸಿದಳು. ಅದು 'ರೇಸ್ ಫಾರ್ ಸೆವೆನ್'. ಅಪರೂಪದ ಕಾಯಿಲೆಯವರ ಪರವಾಗಿ ದುಡಿಯುವ 'ಆರ್ಗನೈಸೇಶನ್ ಫಾರ್ ರೇರ್ ಡಿಸೀಸಸ್ ಇಂಡಿಯಾ' ಎಂಬ ಸಂಸ್ಥೆ 2016ರಲ್ಲಿ ಬೆಂಗಳೂರಿನಲ್ಲಿ ಇದನ್ನು ಶುರು ಮಾಡಿತು. ಓಡಬಹುದು, ನಡೆಯಬಹುದು, ಸೈಕಲ್ ತುಳಿಯಬಹುದು. ಇಂಥ ಕಾಯಿಲೆಗಳು ಸುಮಾರು 7,000 ಇವೆ. ಭಾರತದಲ್ಲಿ ಇವುಗಳಿಂದ ಬಳಲುವವರು ಅಂದಾಜು 7 ಕೋಟಿ. ಕಾಯಿಲೆ ಯಾವುದೆಂದು ಗೊತ್ತಾಗಲು ಸರಾಸರಿ 7 ವರ್ಷ ಬೇಕಾಗುತ್ತದಂತೆ. ಅದಕ್ಕೇ 7 ಕಿಲೋಮೀಟರ್.

ಆ ಮೂರನೆಯ ಏಳು ನನ್ನನ್ನು ಚುಚ್ಚಿತು.

ನಲವತ್ತು ವರ್ಷಗಳ ಹಿಂದಿನ ಮಾತು. ನನ್ನ ಕೌಂಟರಿಗೆ ಒಬ್ಬರು ಮಗನನ್ನು ಕರೆದುಕೊಂಡು ಬರುತ್ತಿದ್ದರು. ಮೊದಲು ಪಿಗ್ಮಿ ಹಣ ತೆಗೆದರು. ಆಮೇಲೆ ನಿರಖು ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿದರು. ಮತ್ತೆ ಹೆಂಡತಿಯ ಬಳೆ ಅಡವಿಗೆ ಬಂತು. ಊರೂರಿನ ಡಾಕ್ಟರು, ಜ್ಯೋತಿಷಿಗಳಲ್ಲಿ ಪ್ರಶ್ನೆ, ಹರಕೆ, ಎಲ್ಲದಕ್ಕೂ ದುಡ್ಡು ಬೇಕಲ್ಲ. ನಾನು ಲೆಕ್ಕ ಸರಿ ನೋಡಿ ಹಣ ಎಣಿಸಿ ಕೊಟ್ಟೆ. ಯಾಕೆಂದು ಕೇಳಲಿಲ್ಲ.

ಒಂದು ದಿನ ಆರು ವರ್ಷದ ಆ ಹುಡುಗ ಬ್ಯಾಂಕಿನೊಳಗೆ ಬಿದ್ದ. ಎದ್ದದ್ದು ಹೇಗೆ? ಎರಡೂ ಕೈಗಳನ್ನು ಮೊಣಕಾಲಿಗೆ, ಮತ್ತೆ ತೊಡೆಗೆ ಊರಿ, ತನ್ನ ಮೈಯನ್ನೇ ಏಣಿಯಂತೆ ಹತ್ತಿ. "ಎಂತ ಮಾರಾಯ, ಈಗಲೇ ಅಜ್ಜ ಆದೆಯಾ?" ಎಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಪ್ಪ, ಮಗ ನಗಲಿಲ್ಲ.

ವರ್ಷಗಳ ಮೇಲೆ ಅವರೇ ಹೇಳಿದರು: ಕಾಯಿಲೆಯ ಹೆಸರು ಡುಶೆನ್. ಮಾಂಸಖಂಡಗಳು ಕ್ರಮೇಣ ಕಸುವು ಕಳೆದುಕೊಳ್ಳುವ, ಹೆಚ್ಚಾಗಿ ಗಂಡುಮಕ್ಕಳಿಗೆ ಬರುವ ವಂಶವಾಹಿಯ ದೋಷ. ತೊಡೆಗೆ ಕೈ ಊರಿ ಏಳುವುದೇ ವೈದ್ಯರು ಗಮನಿಸುವ ಮುಖ್ಯ ಲಕ್ಷಣ! ನಾನು ತಮಾಷೆ ಮಾಡಿದ್ದು ಅದನ್ನೇ.

"ಗುಣ ಮಾಡುವ ಮದ್ದು ಇಲ್ಲವಂತೆ ಸಾರ್. ಆದರೆ ಹೆಸರು ಗೊತ್ತಾಯ್ತು. ಸೋಮಾರಿ ಅಂತ ಶಾಲೆಯಲ್ಲಿ ಹೊಡೆಯುವುದಾದರೂ ನಿಂತಿತು" ಎಂದರು.

ಇಂದು ಕಾಲ ಸ್ವಲ್ಪ ಬದಲಾಗಿದೆ. ಮಣಿಪಾಲದ ಕೆಎಂಸಿಯಲ್ಲಿ ವಂಶವಾಹಿ ಕಾಯಿಲೆಗಳಿಗೇ ಒಂದು ವಿಭಾಗವಿದೆ. 2021ರ ರಾಷ್ಟ್ರೀಯ ನೀತಿಯಂತೆ, ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಗೊತ್ತುಪಡಿಸಿದ ಆಸ್ಪತ್ರೆಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ದೊಡ್ಡ ಮೊತ್ತವೇ. ಆದರೆ ಕೆಲವು ಕಾಯಿಲೆಗಳ ಮದ್ದಿಗೆ ಒಂದೇ ವರ್ಷಕ್ಕೆ ಅದಕ್ಕಿಂತ ಹೆಚ್ಚು ಬೇಕು. ಹಾಗಾಗಿ ಹತ್ತು ಜನ ಕೂಡಲೇಬೇಕು. 1928ರಲ್ಲಿ ನಮ್ಮ ಜಿಲ್ಲೆಯಲ್ಲಿ ಪಿಗ್ಮಿ ಶುರುವಾದದ್ದು ದಿನಕ್ಕೆ ಎರಡಾಣೆಯಿಂದ. ಸಣ್ಣ ಹಣದ ಬಲ ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಫೆಬ್ರವರಿಯ ಕೊನೆಯ ದಿನ ಅಪರೂಪದ ಕಾಯಿಲೆಗಳ ದಿನ. ಮೊದಲು ಆಚರಿಸಿದ್ದು 2008ರ ಫೆಬ್ರವರಿ 29ರಂದು. ನಾಲ್ಕು ವರ್ಷಕ್ಕೊಮ್ಮೆ ಬರುವ ಅಪರೂಪದ ತಾರೀಕು!

ಮಕ್ಕಳೇ, ನಿಮ್ಮ ತರಗತಿಯಲ್ಲಿ ಮೆಟ್ಟಿಲು ಹತ್ತಲು ಕಷ್ಟಪಡುವ, ಆಗಾಗ ಬೀಳುವ ಗೆಳೆಯ ಇದ್ದರೆ ನಗಬೇಡಿ. ಚೀಲ ಹಿಡಿದುಕೊಳ್ಳಿ, ಟೀಚರಿಗೆ ತಿಳಿಸಿ. ಅಪ್ಪ ಅಮ್ಮಂದಿರೇ, "ದೊಡ್ಡವನಾದಾಗ ಸರಿಹೋಗುತ್ತದೆ" ಎಂದು ಸುಮ್ಮನಾಗಬೇಡಿ, ವೈದ್ಯರಿಗೆ ತೋರಿಸಿ.

ಆ ಆದಿತ್ಯವಾರ ನಾನೂ ಕಲ್ಯಾಣಪುರದ ಮನೆಯಿಂದ ಹೊಳೆಯ ಕಡೆಗೆ ನಡೆದೆ. ಏಳು ಆಗಲಿಲ್ಲ, ಎರಡು ಆಯಿತು. ದಾರಿಯಲ್ಲಿ ಒಂದು ಕಟ್ಟೆಯ ಮೇಲೆ ಕುಳಿತು, ಎರಡೂ ಕೈ ತೊಡೆಗೆ ಊರಿ ಎದ್ದೆ. ಆ ಹುಡುಗನ ನೆನಪಾಯಿತು. ಅವನಲ್ಲಿ ಕ್ಷಮೆ ಕೇಳಲು ನನಗೆ ಆಗಲೇ ಇಲ್ಲ. ನಿಮಗೆ ಹೇಳಿದ್ದು ಅದಕ್ಕೇ.