ಮನೆಯ ಕಾರು: ಸಡಿಲವಾದ ಬೆಲ್ಟನ್ನು ಬಿಗಿಸಿದರೆ ಸಾಕೇ?

ಕಾಸರಗೋಡಿನ ಕಡೆಯ ನಮ್ಮ ಮನೆಗಳಲ್ಲಿ ಕಾರು ಈಗ ಆಡಂಬರದ ವಸ್ತುವಾಗಿ ಉಳಿದಿಲ್ಲ. ರೋಗಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ, ಪುತ್ತೂರಿನ ನೆಂಟರ ಮದುವೆಗೆ ಹೊರಡುವುದಕ್ಕೂ, ಸುಳ್ಯದ ದಾರಿಯಾಗಿ ಸಂಪಾಜೆ ಘಾಟಿಯನ್ನೇರಿ ಮಡಿಕೇರಿಯನ್ನು ಸೇರುವುದಕ್ಕೂ ಅಂಗಳದಲ್ಲಿ ನಿಂತಿರುವ ಹಳೆಯ ಕಾರನ್ನೇ ನಾವು ನೆಚ್ಚಿಕೊಂಡಿದ್ದೇವೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಮಾರುತಿ 800 ಕಾರನ್ನು ಇಂದಿಗೂ ಮಮತೆಯಿಂದ ಉಳಿಸಿಕೊಂಡಿರುವ ಕುಟುಂಬಗಳುಂಟು. ಇಂತಹ ಮನೆಗಳವರು ಕೇಳುವ ಪ್ರಶ್ನೆ ಒಂದಿದೆ: “ಟೈಮಿಂಗ್ ಬೆಲ್ಟು ಸಡಿಲವಾಗಿದೆಯೆಂದು ಮೆಕ್ಯಾನಿಕ್ ಹೇಳುತ್ತಾನೆ. ಬಿಗಿಸಿಬಿಟ್ಟರೆ ಸಾಲದೇ?”

ಸಾಲದು ಎಂಬುದೇ ನಮ್ಮ ಉತ್ತರ. ಏಕೆ ಸಾಲದೆಂಬುದನ್ನು ತಿಳಿಯಬೇಕಾದರೆ ಆ ಬೆಲ್ಟು ಮಾಡುವ ಕೆಲಸವನ್ನು ಮೊದಲು ಅರಿಯಬೇಕು.

ಹೊಲಿಗೆ ಯಂತ್ರವನ್ನು ಬಲ್ಲ ಸೋದರಿಯರಿಗೆ ಇದನ್ನು ವಿವರಿಸುವುದು ಸುಲಭ. ಸೂಜಿಯು ಬಟ್ಟೆಯೊಳಗಿಳಿದು ಮೇಲೇಳುವ ಕ್ಷಣಕ್ಕೆ ಸರಿಯಾಗಿ ಕೆಳಗಿನ ಕೊಕ್ಕೆ ಬಂದು ನೂಲನ್ನು ಹಿಡಿಯಬೇಕು. ಕೊಂಚ ಹಿಂದುಮುಂದಾದರೂ ಹೊಲಿಗೆ ತಪ್ಪುತ್ತದೆ. ಎಂಜಿನ್ನಿನೊಳಗೂ ಇಂತಹದೇ ಒಪ್ಪಂದವುಂಟು. ಪಿಸ್ಟನ್ನುಗಳ ಏರಿಳಿತದಿಂದ ಕೆಳಗಿನ ಕ್ರ್ಯಾಂಕ್ ದಂಡ ತಿರುಗುತ್ತದೆ; ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಒಳಬಿಟ್ಟು ಹೊಗೆಯನ್ನು ಹೊರದೂಡುವ ವಾಲ್ವುಗಳನ್ನು ಮೇಲಿನ ಕ್ಯಾಮ್ ದಂಡ ತೆರೆಯುತ್ತದೆ. ಕ್ರ್ಯಾಂಕ್ 2 ಸುತ್ತು ತಿರುಗಿದಾಗ ಕ್ಯಾಮ್ 1 ಸುತ್ತು ಮಾತ್ರ ತಿರುಗಬೇಕು. ಆದುದರಿಂದಲೇ ಮೇಲಿನ ಚಕ್ರದ ಹಲ್ಲುಗಳು ಕೆಳಗಿನದರ ಎರಡರಷ್ಟಿರುತ್ತವೆ. ಇವೆರಡನ್ನೂ ಒಂದೇ ತಾಳದಲ್ಲಿ ನಡೆಸುವುದು ಒಳಮೈಯಲ್ಲಿ ಹಲ್ಲುಗಳುಳ್ಳ ರಬ್ಬರಿನ ಬೆಲ್ಟು. ಹಲ್ಲುಳ್ಳ ಇಂತಹ ಬೆಲ್ಟು 1940ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡುದೂ ಹೊಲಿಗೆ ಯಂತ್ರಕ್ಕಾಗಿಯೇ ಎಂಬುದು ಸ್ವಾರಸ್ಯದ ಸಂಗತಿ. 1960ರ ದಶಕದ ಆರಂಭದಲ್ಲಿ ಪಶ್ಚಿಮ ಜರ್ಮನಿಯ ಗ್ಲಾಸ್ 1004 ಎಂಬ ಕಾರಿನ ಎಂಜಿನ್ನಿನಲ್ಲಿ ಅದು ನೆಲೆ ಕಂಡಿತು. ನಮ್ಮ ಹಿರಿಯರು ಬಳಸಿದ ಅಂಬಾಸಿಡರ್, ಪದ್ಮಿನಿಗಳಲ್ಲಿ ಈ ಕೆಲಸಕ್ಕೆ ಉಕ್ಕಿನ ಸರಪಳಿಯಿತ್ತು. ಮಾರುತಿ 800ರಲ್ಲಿ ಬೆಲ್ಟು ಬಂದಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. “ರಬ್ಬರು ತಾನೇ, ಹಳತಾದಂತೆ ಹಿಗ್ಗುತ್ತದೆ” ಎಂಬ ನಂಬಿಕೆ ಹಲವರಲ್ಲಿದೆ. ಇದು ಪೂರ್ಣ ಸತ್ಯವಲ್ಲ. ಬೆಲ್ಟಿನ ಒಡಲಲ್ಲಿ ಗಾಜಿನ ಎಳೆಗಳಿಂದ ಹೊಸೆದ ಹುರಿಗಳಿರುತ್ತವೆ. ಅವು ಹೆಚ್ಚು ಹಿಗ್ಗುವಂತಹವಲ್ಲ. ಹಾಗಿದ್ದೂ ಬೆಲ್ಟು ಸಡಿಲಗೊಂಡಿತೆಂದರೆ ಅದಕ್ಕೆ ಬೇರೊಂದು ಕಾರಣವಿರಲೇಬೇಕು. ಬೆಲ್ಟನ್ನು ಒತ್ತಿ ಹಿಡಿಯುವ ಟೆನ್ಶನರಿನ ಸ್ಪ್ರಿಂಗು ಸೋತಿರಬಹುದು, ಅದರ ಬೇರಿಂಗು ಸವೆದಿರಬಹುದು, ಹಿಂದಿನ ಸಲ ಬಿಚ್ಚಿದವರು ಅದರ ಬೋಲ್ಟನ್ನು ಸರಿಯಾಗಿ ಬಿಗಿಸದಿರಬಹುದು. ಆಯಿಲ್ ಸೀಲು ಸೋರಿ, ಎಣ್ಣೆಯಲ್ಲಿ ನೆಂದ ಬೆಲ್ಟಿನ ಹಲ್ಲುಗಳು ಮೆತ್ತಗಾಗಿ ಸವೆದಿರಲೂಬಹುದು. ಸಡಿಲವು ಜ್ವರವಿದ್ದಂತೆ. ಜ್ವರವೇ ರೋಗವಲ್ಲ, ಒಳಗಿನ ರೋಗದ ಸೂಚನೆ. ಕಾರಣವನ್ನು ಹುಡುಕದೆ ಬಿಗಿಸಿದ ಬೆಲ್ಟು ಮತ್ತೆ ಸಡಿಲವಾಗುವುದು. ಅತಿಯಾಗಿ ಬಿಗಿಸಿದರೆ ಬೇರಿಂಗುಗಳನ್ನು ಬೇಗನೆ ಕೊಲ್ಲುವುದು.

ಈ ದೋಷವನ್ನು ಮನೆಯವರು ಗುರುತಿಸುವುದು ಹೇಗೆ? ಬೆಳಿಗ್ಗೆ ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿದಾಗ ಬೆಲ್ಟಿನ ಮುಚ್ಚಳದ ಕಡೆಯಿಂದ ಪಟಪಟನೆ ಬಡಿಯುವ ಅಥವಾ ಸರಸರನೆ ಉಜ್ಜುವ ಸದ್ದು ಕೇಳಿಸಬಹುದು. ಕೀರೆಂದು ಕಿರುಚುವ ಸದ್ದಾದರೆ ಅದು ಬಹುಮಟ್ಟಿಗೆ ಹೊರಗಡೆ ಕಾಣುವ ಫ್ಯಾನ್ ಬೆಲ್ಟಿನದು. ಎರಡನ್ನೂ ಒಂದೆಂದು ಭಾವಿಸಬಾರದು. ಸಡಿಲ ಹೆಚ್ಚಿ ಬೆಲ್ಟು ಒಂದು ಹಲ್ಲು ಹಾರಿತೆಂದರೆ ತಾಳ ತಪ್ಪುತ್ತದೆ: ಕಾರು ಚಾಲೂ ಆಗಲು ಸತಾಯಿಸುತ್ತದೆ, ನಿಂತಲ್ಲಿ ನಡುಗುತ್ತದೆ, ಏರಿನಲ್ಲಿ ಎಳೆಯುವುದಿಲ್ಲ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಒಮ್ಮೊಮ್ಮೆ ಕಾರ್ಬುರೇಟರಿನಲ್ಲಿಯೋ ಸೈಲೆನ್ಸರಿನಲ್ಲಿಯೋ ಪಟಾಕಿಯಂತೆ ಸಿಡಿಯುತ್ತದೆ. ಪ್ಲಗ್ಗು, ಕಾರ್ಬುರೇಟರುಗಳ ದೋಷದಿಂದಲೂ ಇವೇ ಲಕ್ಷಣಗಳು ತೋರುವುದರಿಂದ, ಅವನ್ನು ಶುಚಿಗೊಳಿಸಿದ ಮೇಲೂ ತೊಂದರೆ ಉಳಿದರೆ ಬೆಲ್ಟಿನ ಮುಚ್ಚಳವನ್ನು ತೆಗೆಸಿ ನೋಡುವುದು ವಿವೇಕ. ಯಾವ ಸದ್ದೂ ಇಲ್ಲದೆ ಬೆಲ್ಟು ಹರಿಯುವುದೂ ಉಂಟೆಂಬುದನ್ನು ಮರೆಯಲಾಗದು.

ಪರೀಕ್ಷೆಯ ಕ್ರಮ ಕಷ್ಟದ್ದಲ್ಲ. ಎಂಜಿನ್ನು ತಣಿದಿರಬೇಕು, ಗೇರು ನ್ಯೂಟ್ರಲಿನಲ್ಲಿರಬೇಕು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿರಬೇಕು. ಎರಡು ಚಕ್ರಗಳ ನಡುವಣ ಉದ್ದನೆಯ ಭಾಗವನ್ನು ಹೆಬ್ಬೆರಳು ತೋರುಬೆರಳುಗಳಿಂದ ಹಿಡಿದು ತಿರುಚಿದರೆ, ಕಾಲು ಸುತ್ತಿನಷ್ಟು ತಿರುಗುವುದು ಸಾಮಾನ್ಯವಾದ ಬಿಗಿ ಎಂಬುದು ಗ್ಯಾರೇಜಿನವರ ರೂಢಿಯ ಅಳತೆ. ಕಾರಿನ ಕೈಪಿಡಿ ಬೇರೆ ಅಳತೆಯನ್ನು ಹೇಳಿದ್ದರೆ ಅದೇ ಪ್ರಮಾಣ. ಬೆಲ್ಟಿನಲ್ಲಿ ಬಿರುಕು, ಮುರಿದ ಹಲ್ಲು, ಅಂಚಿನಲ್ಲಿ ಎದ್ದ ನೂಲು, ಎಣ್ಣೆಯ ಪಸೆ ಇವುಗಳಲ್ಲಿ ಒಂದಿದ್ದರೂ ಆ ಬೆಲ್ಟು ಮತ್ತೆ ಬಳಸಲು ತಕ್ಕುದಲ್ಲ. ಟೆನ್ಶನರಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದಾಗ ಗರಗರ ಎಂದರೆ ಅಥವಾ ಅತ್ತಿತ್ತ ಅಲುಗಿದರೆ ಅದನ್ನೂ ಬದಲಿಸತಕ್ಕದ್ದು.

ಸರಿಪಡಿಸುವ ಕೆಲಸವನ್ನು ಅನುಭವವುಳ್ಳ ಮೆಕ್ಯಾನಿಕನಿಗೇ ಒಪ್ಪಿಸುವುದು ಮೇಲು. ಆದರೆ ಬಳಿಯಲ್ಲಿ ನಿಂತು ನೋಡುವವರಿಗೂ ಕ್ರಮ ತಿಳಿದಿರಲಿ. ಮೊದಲು ಸೋರುವ ಸೀಲನ್ನು ಬದಲಿಸಬೇಕು. ಬಳಿಕ ಕ್ರ್ಯಾಂಕ್ ಮತ್ತು ಕ್ಯಾಮ್ ಚಕ್ರಗಳ ಮೇಲಿನ ಗುರುತುಗಳನ್ನು ಎಂಜಿನ್ನಿನ ಮೇಲಿರುವ ಗುರುತುಗಳಿಗೆ ಸರಿಹೊಂದಿಸಿ ಹೊಸ ಬೆಲ್ಟನ್ನು ಏರಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸುವುದು, ಬೆಲ್ಟನ್ನು ಮಡಚಿ ಹಿಂಡುವುದು ಸಲ್ಲದು; ಒಳಗಿನ ಹುರಿಗಳು ಮುರಿಯುತ್ತವೆ. ಟೆನ್ಶನರಿನ ಬೋಲ್ಟನ್ನು ಸಡಿಲಿಸಿ, ಸ್ಪ್ರಿಂಗು ತಾನಾಗಿ ಬೆಲ್ಟನ್ನು ಒತ್ತುವಂತೆ ಬಿಡಬೇಕು. ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಎಂಜಿನ್ನು ತಿರುಗುವ ದಿಕ್ಕಿನಲ್ಲಿಯೇ ನಿಧಾನವಾಗಿ ಪೂರ್ತಿ 2 ಸುತ್ತು ತಿರುಗಿಸಿ, ಅನಂತರವೇ ಬೋಲ್ಟನ್ನು ಬಿಗಿಸಿ ಗುರುತುಗಳನ್ನು ಮತ್ತೊಮ್ಮೆ ನೋಡಬೇಕು. ನಡುವೆ ತಿರುಗಲು ಗಟ್ಟಿಯಾಗಿ ತಡೆದರೆ ಬಲ ಹಾಕದೆ ಬೆಲ್ಟಿನ ಜೋಡಣೆಯನ್ನು ಪುನಃ ಪರಿಶೀಲಿಸಬೇಕು. ಈ 2 ಸುತ್ತುಗಳನ್ನು ತಿರುಗಿಸದೆ ನೇರವಾಗಿ ಸ್ಟಾರ್ಟರ್ ಒತ್ತುವವರ ಕೈಗೆ ಕಾರನ್ನು ಕೊಡದಿರುವುದು ಲೇಸು.

ದಾರಿಯಲ್ಲಿಯೇ ಬೆಲ್ಟು ಹರಿದರೆ ಎಂಜಿನ್ನು ಒಮ್ಮೆಲೇ ನಿಲ್ಲುತ್ತದೆ. ಘಾಟಿಯಲ್ಲಿ ಇದು ಅಪಾಯಕರ; ಬ್ರೇಕಿಗೆ ಎಂಜಿನ್ನಿನ ನೆರವಿರುವ ಕಾರುಗಳಲ್ಲಿ ಒಂದೆರಡು ಸಲ ತುಳಿಯುವಷ್ಟರಲ್ಲಿ ಪೆಡಲು ಗಡುಸಾಗುತ್ತದೆ. ಪೆಡಲನ್ನು ಬಿಟ್ಟುಬಿಟ್ಟು ತುಳಿಯದೆ, ಒಂದೇ ಸಮನೆ ಬಲವಾಗಿ ಒತ್ತಿ, ಬದಿಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಸ್ಟಾರ್ಟರ್ ಹಾಕಿದಾಗ ಎಂಜಿನ್ನು ಎಂದಿಗಿಂತ ಹಗುರಾಗಿ ಗಿರ್ರನೆ ತಿರುಗಿದರೆ ಬೆಲ್ಟು ಹರಿದಿರಬಹುದೆಂದು ತಿಳಿದು ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಬೇಕು. ಕೆಲವು ಎಂಜಿನ್ನುಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವು ಬಾಗುತ್ತದೆ. ಆಗ ಬೆಲ್ಟಿನ ಬೆಲೆಯ ಅನೇಕ ಪಟ್ಟು ದಂಡ ತೆರಬೇಕಾಗುತ್ತದೆ.

ಸಾಮಾನ್ಯವಾಗಿ ಬೆಲ್ಟಿನ ಬಾಳಿಕೆ 60,000ದಿಂದ 1,00,000 ಕಿಲೋಮೀಟರುಗಳವರೆಗೆ. ಕಡಿಮೆ ಓಡಿದ ಕಾರಿನ ಬೆಲ್ಟೂ ವರ್ಷಗಳು ಕಳೆದಂತೆ ಮುಪ್ಪಾಗುತ್ತದೆ. ಕೈಯಿಂದ ಕೈಗೆ ದಾಟಿ ಬಂದ ಕಾರಿನ ಬೆಲ್ಟಿಗಾದರೋ ಜಾತಕವೇ ಇರುವುದಿಲ್ಲ. ಯಾವಾಗ ಹಾಕಿದ್ದೆಂದು ತಿಳಿಯದಿದ್ದರೆ ಹಳೆಯದೆಂದೇ ಎಣಿಸಿ ಬದಲಿಸುವುದು ಕ್ಷೇಮ. ಬದಲಿಸಿದ ದಿನಾಂಕವನ್ನೂ ಅಂದು ಮೀಟರು ತೋರಿದ ಕಿಲೋಮೀಟರನ್ನೂ ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿಡಿ. ಮುಂದೆ ಆ ಕಾರು ಮಗನ ಕೈಗೆ ಹೋಗಲಿ, ನೆರೆಯವರ ಕೈಗೆ ಹೋಗಲಿ, ಆ ಚೀಟಿ ಅವರಿಗೂ ಉಪಕಾರ ಮಾಡೀತು.