ಕಿಕ್ಕೇರಿಯ ಗುಮಾಸ್ತರು ಮತ್ತು ನನ್ನ ಎಫ್‌ಡಿಎ

ಕೆ.ಆರ್. ಪೇಟೆಯ ಲೈಬ್ರರಿಯಲ್ಲಿ ನಾವು ಏಳೆಂಟು ಹುಡುಗರು ದಿನಾ ಒಟ್ಟಿಗೆ ಕೂತು ಓದುತ್ತೇವೆ. ಎಫ್‌ಡಿಎ, ಪಿಡಿಒ, ಕಾನ್‌ಸ್ಟೆಬಲ್, ಯಾವ ನೋಟಿಫಿಕೇಷನ್ ಬಂದರೂ ಅರ್ಜಿ ಹಾಕುವವರು. ಶನಿವಾರ ಸಂಜೆ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುವುದು ರೂಢಿ. ‘ಮೈಸೂರು ಮಲ್ಲಿಗೆ ಪ್ರಕಟವಾದ ವರ್ಷ?’ ಎಂದರೆ ‘1942’ ಎಂದು ಎಲ್ಲರೂ ಒಂದೇ ಉಸಿರಿಗೆ ಹೇಳುತ್ತೇವೆ. ‘ಕವಿ ಹುಟ್ಟಿದ್ದು?’ ‘26 ಜನವರಿ 1915, ಕಿಕ್ಕೇರಿ.’ ಒಂದು ಅಂಕ ಬಂತು, ಮುಂದಿನ ಪ್ರಶ್ನೆ. ಕಿಕ್ಕೇರಿ ನಮ್ಮ ತಾಲ್ಲೂಕೇ, ನಾನು ಹತ್ತುವ ಬಸ್ಸು ಅದೇ ದಾರಿಯಲ್ಲಿ ಬರುತ್ತದೆ. ಆದರೂ 1915ಕ್ಕೂ 1942ಕ್ಕೂ ನಡುವೆ ಕೆ.ಎಸ್. ನರಸಿಂಹಸ್ವಾಮಿಯವರು ಏನು ಮಾಡಿಕೊಂಡಿದ್ದರು ಎಂದು ನಾನು ಯೋಚಿಸಿದ್ದು ಈಚೆಗೆ. ಯೋಚಿಸುವ ಹಾಗೆ ಮಾಡಿದ್ದು ನಮ್ಮಪ್ಪ.

ನಾನು ಹಾಡು ಬರೆಯುತ್ತೇನೆ. ಗಣಪತಿ ಹಬ್ಬದ ಆರ್ಕೆಸ್ಟ್ರಾಕ್ಕೆ, ಗೆಳೆಯರ ಯೂಟ್ಯೂಬ್ ಚಾನೆಲ್‌ಗೆ, ಒಮ್ಮೊಮ್ಮೆ ಯಾರದೋ ಮದುವೆ ವಿಡಿಯೊಗೆ. ಹೋದ ವರ್ಷ ಒಂದು ರೆಕಾರ್ಡಿಂಗ್ ಸ್ಟುಡಿಯೊದವರು ಆಲ್ಬಂ ಮಾಡುತ್ತೇವೆಂದು ಎಂಟು ಸಾವಿರ ತೆಗೆದುಕೊಂಡರು. ಕಬ್ಬಿನ ದುಡ್ಡಿನಲ್ಲಿ ಅಪ್ಪ ಕೊಟ್ಟಿದ್ದ ಹಣ. ಆಲ್ಬಮ್ಮೂ ಬರಲಿಲ್ಲ, ಹಣವೂ ಬರಲಿಲ್ಲ. ‘ಪದ ಕಟ್ಕಂಡ್ ಕುಂತ್ರೆ ಹೊಟ್ಟೆ ತುಂಬ್ತದೇನ್ಲಾ ಮಗ? ಮೊದ್ಲು ಒಂದ್ ಕೆಲ್ಸ ಹಿಡಿ, ಆಮೇಲೆ ಏನಾರ ಬರ್ಕೊ’ ಎಂದರು ಅಪ್ಪ. ಅದೇ ವಾರ ಗೆಳೆಯನೊಬ್ಬ, ಓದು ಬಿಟ್ಟು ಕನಸಿನ ಹಿಂದೆ ಹೋದವರೇ ಗೆದ್ದವರು ಎಂಬ ರೀಲ್ಸ್ ಕಳಿಸಿದ. ಕೆಳಗೆ, ‘ನಿಮ್ಮ ತಾಲ್ಲೂಕಿನ ಕೆಎಸ್‌ನ ಕೂಡ ಬಿ.ಎ. ಮುಗಿಸಿಲ್ಲ ಕಣೋ’ ಎಂದು ಬರೆದಿದ್ದ.

ನಿಜವೇ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿದ ಕೆಎಸ್‌ನ ಪದವಿ ಪೂರೈಸಲಿಲ್ಲ. ಆದರೆ ಅಲ್ಲಿಂದ ಹೋದದ್ದು ಎಲ್ಲಿಗೆ? 1936ರಲ್ಲಿ ತಿಪಟೂರಿನ ವೆಂಕಮ್ಮನವರೊಂದಿಗೆ ಮದುವೆ. ಮರುವರ್ಷ ಮೈಸೂರು ಸಂಸ್ಥಾನದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ. ನಮ್ಮ ರೀಲ್ಸ್ ಈ ಭಾಗವನ್ನು ಮಾತ್ರ ಕತ್ತರಿಸಿ ಹಾಕುತ್ತದೆ. ನಿವೃತ್ತಿಯವರೆಗೂ ಅವರು ನೌಕರಿ ಬಿಡಲಿಲ್ಲ. ‘ಮೈಸೂರು ಮಲ್ಲಿಗೆ’ ಬಂದಾಗ ಅವರಿಗೆ 27 ವರ್ಷ, ಕೆಲಸಕ್ಕೆ ಸೇರಿ ಐದು ವರ್ಷ. ಹೆಂಡತಿ ತವರಿಗೆ ಹೋಗುವುದು, ಬರುವುದು, ಮುನಿಸು, ಮನೆಗೆ ಬಂದ ನೆಂಟರು: ಆ ಹಾಡುಗಳ ತುಂಬ ಇರುವುದು ಸಂಬಳ ಎಣಿಸಿ ಸಂಸಾರ ಮಾಡುವ ಮನೆಯ ವಾಸನೆ. ಎಲ್ಲ ಬಿಟ್ಟು ಹೊರಟವನು ಅದನ್ನು ಬರೆಯಲಾರ ಎಂದೇ ನನ್ನ ಅನಿಸಿಕೆ.

ಹಾಗಾದರೆ ಅಪ್ಪ ಗೆದ್ದರೇ? ಪೂರ್ತಿ ಅಲ್ಲ. ಅಪ್ಪನ ಮಾತಿನಲ್ಲಿ ‘ಆಮೇಲೆ’ ಎಂಬ ಪದ ಇದೆಯಲ್ಲ, ನನ್ನ ತಕರಾರು ಅದರ ಮೇಲೆ. ಕೆಎಸ್‌ನ ಮೊದಲು ಕೆಲಸ, ಆಮೇಲೆ ಹಾಡು ಎಂದು ಕಾದಿದ್ದರೆ ಆ ಪುಸ್ತಕ ನಿವೃತ್ತಿಯ ನಂತರ, 1970ರ ದಶಕದಲ್ಲಿ ಬರಬೇಕಿತ್ತು. ಅಷ್ಟರಲ್ಲಿ ಪಿ. ಕಾಳಿಂಗರಾಯರ ಕಂಠದಲ್ಲಿ ಆ ಹಾಡುಗಳು ನಾಡೆಲ್ಲ ತಿರುಗಿ ಬಂದಿದ್ದವು. ಪುಸ್ತಕಕ್ಕೆ ಐವತ್ತು ವರ್ಷ ತುಂಬುವ ಹೊತ್ತಿಗೆ ನಾಗಾಭರಣ ಅದನ್ನು ಸಿನಿಮಾ ಮಾಡಿದರು, ಗೀತರಚನೆಗೆ ರಾಷ್ಟ್ರಪ್ರಶಸ್ತಿಯೂ ಬಂತು.

ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ಇವರೊಬ್ಬರೇ ಅಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ಸಂಸ್ಥಾನದ ಸೈನ್ಯದ ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ‘ಗೋಕುಲ ನಿರ್ಗಮನ’ದಂಥ ಗೇಯನಾಟಕ ಬರೆದದ್ದಷ್ಟೇ ಅಲ್ಲ, ರಾಗಗಳನ್ನೇ ಹೊಸದಾಗಿ ಕಟ್ಟಿದರು. ಸಿಪಾಯಿಗಳ ಸಂಬಳದ ಲೆಕ್ಕದ ನಡುವೆ ಕೃಷ್ಣನ ಕೊಳಲು ಹೇಗೆ ಕೇಳಿಸಿತೋ! ಇನ್ನೂ ಹಿಂದೆ, ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದ ಕಾಲಕ್ಕೆ ಹೋದರೆ ಚಿಕ್ಕದೇವರಾಜ ಒಡೆಯರ ಅರಮನೆಯ ಹೊನ್ನಮ್ಮ ಸಿಗುತ್ತಾಳೆ. ಎಲೆ ಅಡಿಕೆಯ ಸಂಚಿ ಹಿಡಿಯುವುದು ಅವಳ ಊಳಿಗ, ಹೆಸರಿಗೂ ಸಂಚಿ ಅಂಟಿಕೊಂಡಿತು. ಅವಳು ಬರೆದ ‘ಹದಿಬದೆಯ ಧರ್ಮ’ ಇರುವುದು ಹಾಡಲೆಂದೇ ಇರುವ ಸಾಂಗತ್ಯದಲ್ಲಿ. ಕೆಎಸ್‌ನ ಹುಟ್ಟಿದ ಹದಿನಾರು ದಿನಕ್ಕೆ ಪಕ್ಕದ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾದರೂ ಜನಪದ ಹಾಡುಗಳ ಬೆನ್ನು ಬಿಡಲಿಲ್ಲ. ರಾಮನಗರದ ಹತ್ತಿರದ ಜಾನಪದ ಲೋಕ ಅವರದೇ.

ಇಷ್ಟು ಹೇಳಿ ನಿಲ್ಲಿಸಿದರೆ ನಾನೂ ರೀಲ್ಸ್ ಮಾಡಿದಂತಾಗುತ್ತದೆ. ಒಂದು ವ್ಯತ್ಯಾಸವಿದೆ. ಪದವಿ ಮುಗಿಸದ ಕೆಎಸ್‌ನ ಇವತ್ತು ಬಂದಿದ್ದರೆ ಎಫ್‌ಡಿಎಗೆ ಅರ್ಜಿ ಹಾಕಲು ಅರ್ಹರೇ ಅಲ್ಲ, ಎಸ್‌ಡಿಎ ಬರೆಯಬೇಕಿತ್ತು. ಅವರಿಗೆ 22ಕ್ಕೆ ಕುರ್ಚಿ ಸಿಕ್ಕಿತು. ನನಗೆ ಈಗ 25, ನನ್ನ ಹತ್ತಿರ ಇರುವುದು ಹಾಲ್ ಟಿಕೆಟ್‌ಗಳ ಕಂತೆ. ಅವರು ನೌಕರಿಯ ಜೊತೆ ಹಾಡು ಬರೆದರು, ನಾವು ಬರೆಯಬೇಕಾಗಿರುವುದು ಕಾಯುವಿಕೆಯ ಜೊತೆ. ಇದು ಕಷ್ಟ. ಕಚೇರಿ ಸಂಜೆಗೆ ಮುಚ್ಚುತ್ತದೆ, ಕಾಯುವುದಕ್ಕೆ ಮುಚ್ಚುವ ಹೊತ್ತೇ ಇಲ್ಲ. ಒಂದು ಪಲ್ಲವಿ ಹೊಳೆದರೆ, ಈ ಹೊತ್ತಿಗೆ ಸಂವಿಧಾನದ ನಾಲ್ಕು ವಿಧಿ ಓದಬಹುದಿತ್ತಲ್ಲ ಎಂದು ಮನಸ್ಸು ಚುಚ್ಚುತ್ತದೆ. ಲೈಬ್ರರಿಯಲ್ಲಿ ನನ್ನ ಜೊತೆ ಕೂರುವವರಲ್ಲಿ ಒಬ್ಬ ತಮಟೆ ಚೆನ್ನಾಗಿ ಬಾರಿಸುತ್ತಿದ್ದ, ಒಬ್ಬಳು ಕಾಲೇಜಿನಲ್ಲಿ ನಾಟಕ ಮಾಡುತ್ತಿದ್ದಳು. ಕೆಲಸ ಸಿಕ್ಕಮೇಲೆ ಎಂದು ಇಬ್ಬರೂ ನಿಲ್ಲಿಸಿ ಮೂರು ವರ್ಷವಾಯಿತು. ಕೆಲಸವೂ ಸಿಕ್ಕಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ.

ಹೋದ ವಾರ ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು. ‘ಅವ್ರ ಪದ ರೇಡಿಯೋದಲ್ಲಿ ಬತ್ತಿತ್ತು ಕಣ್ಲಾ, ನಮ್ಮವ್ವ ಕೆಲ್ಸ ನಿಲ್ಸಿ ಕೇಳೋಳು. ಗುಮಾಸ್ತ್ರು ಅಂತ ಗೊತ್ತಿರ್ನಿಲ್ಲ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆ ಎಂಟು ಸಾವಿರ ಇನ್ಯಾರ್ಗೂ ಕೊಡ್ಬ್ಯಾಡ’ ಎಂದರು. ಬರೆಯಬೇಡ ಎಂದು ಮಾತ್ರ ಹೇಳಲಿಲ್ಲ.

ಈಗ ರಾತ್ರಿ ಒಂಬತ್ತರಿಂದ ಹತ್ತು ಹಾಡಿನ ಹೊತ್ತು. ಉಳಿದಂತೆ ಸಾಮಾನ್ಯ ಜ್ಞಾನ.