ಕಾಲು ಗಟ್ಟಿ ಇದ್ದಾಕಿಗೆ ಗಾಲಿ ಖುರ್ಚಿ ಯಾಕ?

ಈಗ ನಮ್ಮ ಹುಬ್ಬಳ್ಳಿ-ಧಾರವಾಡದಾಗ ಮನಿಗೊಬ್ಬರು ಪರದೇಶದಾಗ ಇದ್ದಾರ. ಮಗಳಿಗೆ ದಿವಸ ಹೋಗ್ಯಾವ ಅಂತ ಫೋನ್ ಬಂದ್ರ ಸಾಕು, ತಾಯಿ ಪಾಸ್‌ಪೋರ್ಟ್ ಹುಡುಕಲಿಕ್ಕೆ ಶುರು ಮಾಡ್ತಾಳ. ಅಪ್ಪಗ ಮೊಣಕಾಲು ಬ್ಯಾನಿ, ಇಲ್ಲಾ ಮನಿ ನೋಡ್ಕೊಳ್ಳಿಕ್ಕೆ ಯಾರರ ಬೇಕು, ಅಂತೂ ಭಾಳ ಸರ್ತೆ ಬಾಣಂತನಕ್ಕ ಹೊಂಡಾಕಿ ಒಬ್ಬಾಕಿನ. ಟಿಕೆಟ್ ತಗಸೋ ಮುಂದ ಮಕ್ಕಳು ಒಂದ ಮಾತು ಕೇಳಲಾರದ ವೀಲ್ ಚೇರ್ ಹಾಕಿಬಿಡ್ತಾರ. ನನ್ನ ತಕರಾರು ಇದರ ಮ್ಯಾಲೆ.

ಖರೇನ ನಡೀಲಿಕ್ಕೆ ಆಗಲಾರದವರ ಬಗ್ಗೆ ನನ್ನ ಮಾತಿಲ್ಲ, ಅವರಿಗೆ ಅದು ಬೇಕ ಬೇಕು. ನಾ ಹೇಳೋದು ಶನಿವಾರಕ್ಕೊಮ್ಮೆ ನುಗ್ಗೀಕೇರಿ ಹಣಮಪ್ಪನ ಗುಡಿಗೆ ನಡಕೊಂಡ ಹೋಗಿ ಬರೋ ಹೆಂಗಸರ ಬಗ್ಗೆ. ನನ್ನ ಮಗಾನೂ ಹಂಗ ಮಾಡಿದ್ದ. "ಅಮ್ಮಾ, ನಿನಗ ಇಂಗ್ಲಿಷ್ ಬರಂಗಿಲ್ಲ, ಖುರ್ಚಿ ಒಳಗ ಕೂತರ ಸೀದಾ ಗೇಟಿಗೆ ಒಯ್ದ ಬಿಡ್ತಾರ" ಅಂದ. "ಭಾಷಾ ಬರಂಗಿಲ್ಲಂದ್ರ ಕಾಲಿಲ್ಲ ಅಂತ ಬರಸೋದೇನಪಾ?" ಅಂತ ಕೇಳಿ ತಗಸಿ ಹಾಕಿದೆ. ಅದರ ಬದ್ಲಿ ಅವನ್ನ ಒಂದ ತಾಸು ಎದುರಿಗೆ ಕೂಡಿಸ್ಕೊಂಡು ಬೋರ್ಡಿಂಗ್ ಪಾಸ್ ಹೆಂಗ ಓದಬೇಕು, ಬೋರ್ಡಿನ ಮ್ಯಾಲೆ ಏನ ನೋಡಬೇಕು ಅಂತ ಕಲಿತೆ. ವಿಮಾನದ ನಂಬರು, ಗೇಟು, ಟೈಮು. ಊರಿನ ಹೆಸರು ನೋಡಿದ್ರ ಸಾಲಂಗಿಲ್ಲ, ಒಂದ ಊರಿಗೆ ಮೂರ ವಿಮಾನ ಇರ್ತಾವ. ಕೆಎಸ್ಆರ್‌ಟಿಸಿ ಬಸ್ಸಿನ ಬೋರ್ಡ್ ಓದೋ ಹೆಂಗಸಿಗೆ ಇದೇನ ದೊಡ್ಡ ವಿದ್ಯಾನ?

ಬೆಂಗಳೂರಾಗ ಸರಹೊತ್ತಿನಾಗ ಏರಿದ್ರ ಸುಮಾರು 10 ತಾಸಿಗೆ ಫ್ರಾಂಕ್‌ಫರ್ಟ್. ಅಲ್ಲೆ ಇಳದು ಇನ್ನೊಂದು ವಿಮಾನ ಹಿಡೀಬೇಕು. ಇಳದಾಗ ಬಾಗಲಾಗ ನೋಡಿದ್ರ ಖುರ್ಚಿ ಸಾಲ ಹಚ್ಚಿ ನಿಂತಾವ, ಎಲ್ಲಾದ್ರಾಗೂ ನಮ್ಮವರ. ಲಕ್ವಾ ಹೊಡದ ಒಬ್ಬ ಅಜ್ಜಾರು ಗ್ವಾಡಿ ಹಿಡಕೊಂಡು ಕಾಯಲಿಕ್ಕೆ ಹತ್ಯಾರ, ಅವರ ಪಾಲಿಗೆ ಖುರ್ಚಿ ಇನ್ನೂ ಬಂದಿಲ್ಲ. ಮುಂದಿನ ಖುರ್ಚಿ ಒಳಗ ಕೂತಾಕಿ ಯಾರಂದ್ರ, ಬೆಂಗಳೂರಾಗ ನನ್ನ ಜೋಡಿ ಇಡ್ಲಿ ಸಾಲಿನಾಗ ಅರ್ಧಾ ತಾಸು ನಿಂತಾಕಿ! ಪಾಪ, ಆಕಿದೂ ತಪ್ಪಲ್ಲ, ಮಕ್ಕಳು ಹಾಕಿದ್ರು, ಕೂತ್ಲು. ಆಮ್ಯಾಲೆ ನಾ ಕೈಕಾಲು ಆಡಸ್ಕೋತ, ಅಂಗಡಿ ನೋಡ್ಕೋತ ಗೇಟಿಗೆ ಹೋದ್ರ, ಆಕಿನ್ನ ಒಂದ ಮೂಲ್ಯಾಗ ತಂದು ನಿಲ್ಲಿಸಿ ಹೋಗಿದ್ರು. ಬಚ್ಚಲಕ್ಕ ಹೋಗಬೇಕಂದ್ರೂ ದೂಡಾಂವ ಬರಬೇಕು.

2021ರ ಜನವರಿಯಾಗ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಏರ್ ಇಂಡಿಯಾ ವಿಮಾನಾನ ಉತ್ತರ ಧ್ರುವದ ಮ್ಯಾಲಿಂದ ಹಾರಿಸ್ಕೊಂಡ ಬಂದವರು ಎಲ್ಲಾ ಹೆಣ್ಣಮಕ್ಕಳ. ಹೆಚ್ಚು ಕಡಿಮಿ 14,000 ಕಿಲೋಮೀಟರು. ಅವರ ತಾಯಂದಿರ ಟಿಕೆಟಿಗೂ ಯಾರರ ಖುರ್ಚಿ ಹಾಕ್ತಿರಬೇಕು ಬಿಡ್ರಿ.

ಇನ್ನ ಶಿಕಾಗೋ. ಖುರ್ಚಿ ಒಳಗ ಕೂತ್ರೂ ಇಮಿಗ್ರೇಶನ್ ಅಧಿಕಾರಿ ಮುಂದ ಬಾಯಿ ನಾವ ಬಿಡಬೇಕು. ಯಾಕ ಬಂದಿ, ಯಾರ ಮನಿ, ಎಷ್ಟ ದಿವಸ ಇರ್ತಿ? ವೀಸಾ 10 ವರ್ಷದ್ದ ಇರಲಿ, ಈ ಸರ್ತೆ ಎಷ್ಟ ದಿವಸ ಇರಬಹುದು ಅಂತ ಬರಿಯಾಂವ ಅಲ್ಲೇ ಕೂತಾಂವ, ಸಾಮಾನ್ಯ ಆರು ತಿಂಗಳು ಕೊಡ್ತಾರ. ನಾ ಮೂರ ಉತ್ತರ ಇಂಗ್ಲಿಷ್‌ನ್ಯಾಗ ಬಾಯಿಪಾಠ ಮಾಡಿದ್ದೆ, ಮೂರೂ ಸಾಕಾದ್ವು. ಚೀಲದಾಗ ಅಂಟಿನುಂಡಿ, ಮೆಂತೇದ ಹಿಟ್ಟು, ಚಟ್ನಿಪುಡಿ ಇದ್ವು. ತಿನ್ನೋ ಸಾಮಾನ ಅದ ಅಂತ ತಾವಾಗಿ ಹೇಳಿಬಿಡಬೇಕು. ಹೇಳಿದ್ರ ಭಾಳಂದ್ರ ತಗದ ಒಗೀತಾರ, ಮುಚ್ಚಿಟ್ರ ದಂಡಾ ಬೀಳ್ತದ. ಹಸಿ ಕರಿಬೇವು ಅಂತೂ ಒಯ್ಯಲೇಬ್ಯಾಡ್ರಿ, ನಿಂಬಿ-ಕಿತ್ತಳಿ ಗಿಡದ ರೋಗ ಅದರ ಜೋಡಿ ಬರ್ತದ ಅಂತ ಅಲ್ಲೆ ಬಂದಿ.

ಮನಿ ಮುಟ್ಟಿದ ಮ್ಯಾಲೆ ಇನ್ನೊಂದು ಗಾಲಿ ಖುರ್ಚಿ ಕಾಯ್ತಿರ್ತದ, ಅದಕ್ಕ ಸೋಫಾ ಅಂತಾರ. "ನೀ ಸುಮ್ನ ಕೂಡು, ಒಲಿ ಮುಟ್ಟಬ್ಯಾಡ, ಬಾಗಲಾ ತಗೀಬ್ಯಾಡ." ಕಾಳಜಿನ, ಇಲ್ಲಂತಿಲ್ಲ. ಆದ್ರ ತುಂಬಿದ ಬಸರಿಗೆ ನೀರ ಕೊಡಲಿಕ್ಕೆ ಬಂದಾಕಿ ಒಂದ ಲೋಟಾ ನೀರಿಗೂ ಮಗಳನ್ನ ಕರೀಬೇಕಾದ್ರ ಅದೆಂಥಾ ಬಾಣಂತನ? ನಾ ಅವತ್ತ ಮೂರು ಕಲಿಸಂದೆ: ಬಾಗಲದ ಕೀಲಿ, ಗ್ಯಾಸ್ ಹಚ್ಚೋದು, 911ಕ್ಕ ಫೋನ್ ಮಾಡೋದು. ಒಗ್ಗರಣಿ ಹಾಕಿದ್ರ ಹೊಗಿ ಗಂಟಿ ಹೊಡಕೋತದ, ಆಗ ಕಿಡಕಿ ತಗೀಬೇಕು ಅನ್ನೋದು ಗಂಟಿನ ಕಲಿಸ್ತು.

ನಮ್ಮ ಗಡಿಯಾರಕ್ಕೂ ಅಲ್ಲಿದಕ್ಕೂ ಬ್ಯಾಸಗಿಯಾಗ ಹತ್ತೂವರಿ ತಾಸು ಫರಕ. ಮಲಕೋ ಅಂದ್ರು ಮಗಳು-ಅಳಿಯ. ಹಗಲ ಮಲಗಿದ್ರ ರಾತ್ರಿ ಎರಡಕ್ಕ ಎದ್ದು ದೆವ್ವಿನಂಗ ಅಡ್ಯಾಡೋದು ಯಾರು? ಬಿಸಲಾಗ ಹೊರಗ ಹೊಂಟೆ. ಅಲ್ಲೆ ಗಾಡಿ ಬಲಕ್ಕ ಹೋಗ್ತಾವ, ದಾಟೋ ಮುಂದ ಮೊದಲ ಎಡಕ್ಕ ನೋಡಬೇಕು, ಅದೊಂದು ಮರಿಬ್ಯಾಡ್ರಿ. ಜೂನ್ ತಿಂಗಳು, ಹೊತ್ತು ಮುಣಗೋದ ಎಂಟೂವರಿಗೆ. ದೇವರ ಮುಂದ ದೀಪಾ ಏಳಕ್ಕ ಹಚ್ಚಬೇಕೋ ಎಂಟೂವರಿಗೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮೂಲಿ ಅಂಗಡ್ಯಾಗ ಹಾಲು ತಗೊಂಡೆ. ಗ್ಯಾಲನ್ ಅಂದ್ರ ಹತ್ತಿರತ್ತಿರ ನಾಕ ಲೀಟರು. ಮಗಳು ಎದುರಿಗೆ ಬಂದು ಕೈಚಾಚಿದ್ಲು, ಬಸರಿ ಹೆಂಗಸು, ನಾ ಕೊಡಲಿಲ್ಲ.